ಒಂದು ಹಲ್ಲಿನ ಅಂತರ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯು ಬಯಲುಸೀಮೆಯೂ ಮಲೆನಾಡೂ ಒಂದಕ್ಕೊಂದು ಬೆರೆಯುವ ನಾಡಿನಲ್ಲಿ ಸಾಗುತ್ತದೆ. ಶಿಕಾರಿಪುರದ ಸುತ್ತ ಮೆಕ್ಕೆಜೋಳದ ಹೊಲಗಳು, ಕೆರೆಯ ಕೆಳಗಣ ಗದ್ದೆಗಳು. ಸೊರಬದತ್ತ ಸರಿದಂತೆಲ್ಲ ಅಡಕೆಯ ತೋಟಗಳು, ಅಲ್ಲಲ್ಲಿ ಉಳಿದ ಕಾಡು. ಈ ದಾರಿಯಿಂದ ಒಂದೆರಡು ಮೈಲಿ ಒಳಗೆ ನಿಂತಿರುವ ಹಳ್ಳಿಗಳು ಅನೇಕ. ಹಗಲಿನಲ್ಲಿ ಬಸ್ಸು ಹಿಡಿಯಲು ರಸ್ತೆಗೆ ನಡೆದು ಬಂದರಾಯಿತು. ಆದರೆ ನಡುರಾತ್ರಿಯಲ್ಲಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿದರೆ, ಹೆರಿಗೆಯ ನೋವು ಆರಂಭವಾದರೆ, ಶಿವಮೊಗ್ಗೆಯ ಆಸ್ಪತ್ರೆ ಬಹು ದೂರವೆನಿಸುತ್ತದೆ. ಅಂಥ ಹೊತ್ತಿಗೆಂದೇ ಎಷ್ಟೋ ಮನೆಯವರು ಹಳೆಯ ಕಾರೊಂದನ್ನು ಅಂಗಳದ ಚಪ್ಪರದ ಕೆಳಗೆ ಕಾಪಾಡಿಕೊಂಡು ಬರುತ್ತಾರೆ. ಅದರ ಬಣ್ಣ ಮಾಸಿರಬಹುದು, ಬಾಗಿಲು ಕಿರುಗುಟ್ಟಬಹುದು. ಅವರು ಅದರಿಂದ ಬಯಸುವುದು ಒಂದನ್ನೇ: ಕರೆದಾಗ ಅದು ಎದ್ದು ಹೊರಡಬೇಕು.

ಹೀಗೆ ಉಳಿದುಕೊಂಡ ಕಾರುಗಳಲ್ಲಿ ಮಾರುತಿ 800 ಎಂಬುದು ಎಲ್ಲರಿಗೂ ಪರಿಚಿತವಾದುದು. 1983ನೆಯ ಇಸವಿ ಡಿಸೆಂಬರ್ 14ರಂದು ಅಂದಿನ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಇದರ ಮೊದಲ ಕಾರಿನ ಕೀಲಿಕೈಯನ್ನು ಅದನ್ನು ಕೊಂಡವರ ಕೈಗಿತ್ತರು. ಮೂವತ್ತು ವರ್ಷ ನಡೆದ ಇದರ ತಯಾರಿಕೆಯು 2014ರ ಜನವರಿಯಲ್ಲಿ ನಿಂತಿತು. ಮೂರು ಸಿಲಿಂಡರುಗಳ, 796 ಘನ ಸೆಂಟಿಮೀಟರು ಗಾತ್ರದ ಇದರ ಎಂಜಿನು ಜಪಾನಿನ ಸುಜುಕಿ ಸಂಸ್ಥೆಯ ವಿನ್ಯಾಸ. ಅದುವರೆಗೆ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮುಂತಾದ ಕಾರುಗಳ ಎಂಜಿನಿಗೂ ಇದಕ್ಕೂ ಒಂದು ಮುಖ್ಯವಾದ ಭೇದವಿತ್ತು. ಆ ಕಾರುಗಳ ಒಡಲೊಳಗೆ ಕಬ್ಬಿಣದ ಸರಪಳಿಯೊಂದು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ರಬ್ಬರಿನ ಪಟ್ಟಿಯೊಂದು ಮಾಡತೊಡಗಿತು. ಅದಕ್ಕೆ ಟೈಮಿಂಗ್ ಬೆಲ್ಟು ಎಂದು ಹೆಸರು.

ಈ ಬೆಲ್ಟು ಏಕೆ ಬೇಕು? ಎಂಜಿನಿನ ಸಿಲಿಂಡರಿನೊಳಗೆ ಪಿಸ್ಟನ್ನು ಮೇಲೆ ಕೆಳಗೆ ಚಲಿಸುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಒಮ್ಮೆ ಕೆಳಗಿಳಿದು ಪೆಟ್ರೋಲು ಬೆರೆತ ಗಾಳಿಯನ್ನು ಹೀರುತ್ತದೆ. ಮೇಲೇರಿ ಅದನ್ನು ಒತ್ತುತ್ತದೆ. ಕಿಡಿ ಹಾರಿ ಅನಿಲ ಉರಿದಾಗ ಕೆಳಕ್ಕೆ ತಳ್ಳಲ್ಪಡುತ್ತದೆ. ಮತ್ತೆ ಮೇಲೇರಿ ಹೊಗೆಯನ್ನು ಹೊರದೂಡುತ್ತದೆ. ಈ ನಾಲ್ಕು ಹೊಡೆತಗಳು ಮುಗಿಯುವಷ್ಟರಲ್ಲಿ ಕೆಳಗಿನ ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗಿರುತ್ತದೆ. ಗಾಳಿ ಒಳಗೆ ಬರಲು ಒಂದು ಕವಾಟ, ಹೊಗೆ ಹೊರಗೆ ಹೋಗಲು ಇನ್ನೊಂದು ಕವಾಟ. ಇವುಗಳನ್ನು ತೆರೆದು ಮುಚ್ಚಿಸುವುದು ಮೇಲಿನ ಕ್ಯಾಮ್ ದಂಡ. ನಾಲ್ಕು ಹೊಡೆತಗಳಿಗೆ ಪ್ರತಿಯೊಂದು ಕವಾಟವೂ ಒಮ್ಮೆ ಮಾತ್ರ ತೆರೆಯಬೇಕಾದುದರಿಂದ ಕ್ಯಾಮ್ ದಂಡವು ಒಂದೇ ಸುತ್ತು ತಿರುಗಬೇಕು. ಅಂದರೆ ಕೆಳಗಿನ ದಂಡ ಎರಡು ಸುತ್ತು, ಮೇಲಿನ ದಂಡ ಒಂದು ಸುತ್ತು. ಈ ಲೆಕ್ಕವು ಒಂದು ಕ್ಷಣವೂ ತಪ್ಪಕೂಡದು. ಮೇಲಿನ ಹಲ್ಲುಚಕ್ರಕ್ಕೆ ಕೆಳಗಿನದಕ್ಕಿಂತ ಎರಡರಷ್ಟು ಹಲ್ಲುಗಳನ್ನು ಇಟ್ಟು, ಎರಡನ್ನೂ ಒಂದು ಹಲ್ಲುಪಟ್ಟಿಯಿಂದ ಬಳಸಿದರೆ ಲೆಕ್ಕ ಕೂಡುತ್ತದೆ. ಕಾರು ಸಾಧಾರಣ ವೇಗದಲ್ಲಿ ಓಡುವಾಗ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ, ಪ್ರತಿಯೊಂದು ಕವಾಟವೂ ನಿಮಿಷಕ್ಕೆ 1500 ಬಾರಿ, ಎಂದರೆ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚಬೇಕು.

ಹಿಂದೆ ಮನೆಮನೆಗಳಲ್ಲಿ ಹೆಂಗಸರು ಇಬ್ಬರು ಎದುರುಬದುರಾಗಿ ನಿಂತು ಒಂದೇ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದರು. ಒಬ್ಬಳ ಒನಕೆ ಮೇಲೇರುವಾಗ ಇನ್ನೊಬ್ಬಳ ಒನಕೆ ಇಳಿಯುತ್ತಿತ್ತು. ತಾಳ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತಿತ್ತು. ಕೆಲವೊಮ್ಮೆ ಕೈಗೂ ಪೆಟ್ಟಾಗುತ್ತಿತ್ತು. ಎಂಜಿನಿನಲ್ಲಿ ಪಿಸ್ಟನ್ನೂ ಕವಾಟವೂ ಹೀಗೆಯೇ ಒಂದೇ ಒರಳಿನಲ್ಲಿ ದುಡಿಯುವವು. ಕೆಲವು ಎಂಜಿನುಗಳಲ್ಲಿ ಇವೆರಡರ ನಡುವೆ ಸಾಕಷ್ಟು ಜಾಗವಿರುವುದರಿಂದ ತಾಳ ತಪ್ಪಿದರೂ ಡಿಕ್ಕಿಯಾಗದು. ಬಲ ಕುಗ್ಗುತ್ತದೆ, ಅಷ್ಟೆ. ಮತ್ತೆ ಕೆಲವದರಲ್ಲಿ ಪಿಸ್ಟನ್ನು ಕವಾಟಕ್ಕೆ ಬಡಿದು ಕವಾಟದ ಕಾಂಡವನ್ನೇ ಬಗ್ಗಿಸಿಬಿಡುತ್ತದೆ. ಯಾವ ಎಂಜಿನು ಯಾವ ಜಾತಿಯದೆಂದು ಖಚಿತವಾಗಿ ತಿಳಿಯುವ ತನಕ ಎರಡನೆಯ ಜಾತಿಯದೆಂದೇ ಎಣಿಸಿ ಕೈಯಿಡುವುದು ಜಾಣತನ.

ಹಲ್ಲುಳ್ಳ ಪಟ್ಟಿಯ ಕಲ್ಪನೆ ಹುಟ್ಟಿದ್ದು ಕಾರಿಗಾಗಿ ಅಲ್ಲವೆಂಬುದು ಸ್ವಾರಸ್ಯದ ವಿಷಯ. 1940ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಮೊದಲು ರೂಪಿಸಿದ್ದು ಹೊಲಿಗೆಯ ಯಂತ್ರಕ್ಕಾಗಿ. ಮೇಲಿನ ಸೂಜಿಯೂ ಕೆಳಗಿನ ಬಾಬಿನ್ನೂ ಹೊತ್ತು ತಪ್ಪದೆ ಕೂಡಿ ನಡೆಯುವಂತೆ ಮಾಡಲು. 1962ರಲ್ಲಿ ಜರ್ಮನಿಯ ಗ್ಲಾಸ್ 1004 ಎಂಬ ಸಣ್ಣ ಕಾರಿನಲ್ಲಿ ಇದು ಎಂಜಿನಿನ ಕೆಲಸಕ್ಕೆ ಬಂದಿತು. ಸರಪಳಿಗಿಂತ ಇದು ಹಗುರ, ಅಗ್ಗ. ಎಣ್ಣೆಯೂ ಬೇಡ, ಸದ್ದೂ ಇಲ್ಲ. ಆದರೆ ಸದ್ದಿಲ್ಲದಿರುವುದೇ ಇದರ ದೋಷವೂ ಹೌದು. ಸವೆದ ಸರಪಳಿಯು ಗಲಗಲ ಸದ್ದು ಮಾಡಿ ತನ್ನ ಕಷ್ಟವನ್ನು ತಿಂಗಳುಗಟ್ಟಲೆ ಹೇಳಿಕೊಳ್ಳುತ್ತದೆ. ಬೆಲ್ಟು ಹಾಗಲ್ಲ, ಮುಚ್ಚಳದ ಹಿಂದೆ ಮೌನವಾಗಿ ಸವೆದು, ಒಂದು ದಿನ ಹರಿಯುತ್ತದೆ, ಇಲ್ಲವೆ ಒಂದು ಹಲ್ಲು ಜಾರುತ್ತದೆ.

ಹರಿದರೆ ಕಾರು ಅಲ್ಲಿಯೇ ನಿಲ್ಲುತ್ತದೆ. ರೋಗ ಯಾವುದೆಂದು ಹುಡುಕುವ ಕಷ್ಟವಿಲ್ಲ. ಒಂದು ಹಲ್ಲು ಜಾರಿದಾಗಲೇ ನಿಜವಾದ ಪರೀಕ್ಷೆ. ಒಂದು ಹಲ್ಲೆಂದರೆ ಎಷ್ಟು? ಕೆಳಗಿನ ಚಕ್ರಕ್ಕೆ 20 ಹಲ್ಲುಗಳಿವೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, 360 ಡಿಗ್ರಿಯನ್ನು 20ರಿಂದ ಭಾಗಿಸಿದಾಗ 18 ಡಿಗ್ರಿ ಬರುತ್ತದೆ. ಕವಾಟ ಮುಚ್ಚಬೇಕಾದ ಹೊತ್ತಿಗಿಂತ ಕ್ರ್ಯಾಂಕ್ ದಂಡ 18 ಡಿಗ್ರಿ ಮುಂದೆ ಹೋದ ಮೇಲೆ ಅದು ಮುಚ್ಚುತ್ತದೆ. ಅಷ್ಟರಲ್ಲಿ ಮೇಲೇರತೊಡಗಿದ ಪಿಸ್ಟನ್ನು, ಹೀರಿದ ಗಾಳಿಯಲ್ಲಿ ಒಂದಿಷ್ಟನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿರುತ್ತದೆ. ಉಳಿದುದನ್ನು ಒತ್ತಿ ಉರಿಸಿದರೆ ಬಲವೆಲ್ಲಿಯದು? ಆದರೂ ಕಾರು ನಿಲ್ಲುವುದಿಲ್ಲ. ಓಡುತ್ತದೆ, ತಗ್ಗಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಏರಿನಲ್ಲಿ ಮಾತ್ರ ಏದುಸಿರು ಬಿಡುತ್ತದೆ. ಹೀಗೆ ಓಡುವ ಕಾರಿನ ರೋಗವನ್ನು ಕಂಡುಹಿಡಿಯುವುದೇ ಗ್ಯಾರೇಜಿನವನ ವಿದ್ಯೆ.

ಈ ವಿದ್ಯೆ ನಡೆಯುವ ಬಗೆಯನ್ನು ಅರಿಯಲು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಶಿರಾಳಕೊಪ್ಪದಂತಹ ಊರಿನ ರಸ್ತೆಬದಿಯಲ್ಲಿ ತಗಡಿನ ಮಾಡಿನ ಒಂದು ಗ್ಯಾರೇಜು. ಸೊರಬದ ಕಡೆಯ ರೈತರೊಬ್ಬರು ತಮ್ಮ ಮಾರುತಿಯನ್ನು ತಂದು ನಿಲ್ಲಿಸಿದ್ದಾರೆ. ಕಾರ್ಬುರೇಟರು ಇರುವ ಹಳೆಯ ಮಾದರಿ. ಮನೆಯಲ್ಲಿ ವೃದ್ಧ ತಾಯಿ; ತಿಂಗಳಿಗೆ ಎರಡು ಬಾರಿ ಅವರನ್ನು ಶಿವಮೊಗ್ಗೆಗೆ ಕರೆದೊಯ್ಯಬೇಕು.

“ಪಿಕಪ್ಪೇ ಇಲ್ಲ ಮೇಸ್ತ್ರಿ. ನಾಲ್ಕು ಜನ ಕೂತರೆ ಏರು ಹತ್ತೋದಿಲ್ಲ. ಬೆಳಿಗ್ಗೆ ಸ್ಟಾರ್ಟು ಮಾಡೋದರೊಳಗೆ ಬ್ಯಾಟರಿ ಇಳಿದುಹೋಗುತ್ತೆ. ಕಾರ್ಬುರೇಟರು ಬದಲಾಯಿಸಿದ್ದಾಯಿತು, ಪ್ಲಗ್ಗು ಪಾಯಿಂಟು ಹೊಸದು ಹಾಕಿಸಿದ್ದಾಯಿತು. ಇನ್ನೇನು ಉಳಿದಿದೆ ಹೇಳು.”

“ನೋಡೋಣ ಗೌಡ್ರೇ. ಯಾವತ್ತಿನಿಂದ ಹೀಗೆ?” ಎಂದು ಮೇಸ್ತ್ರಿ ಕೇಳುತ್ತಾನೆ.

ಈ ಪ್ರಶ್ನೆ ಸಣ್ಣದಾದರೂ ಬೆಲೆಯುಳ್ಳದ್ದು. ಕ್ರಮೇಣ ಕುಗ್ಗಿದ ಬಲಕ್ಕೆ ಕಾರಣಗಳು ಬೇರೆ. ಒಂದೇ ದಿನ ಕುಗ್ಗಿದ ಬಲಕ್ಕೆ ಕಾರಣಗಳು ಬೇರೆ. ಪಿಸ್ಟನ್ನಿನ ಬಳೆಗಳು ಸವೆಯುವುದು ವರ್ಷಗಳ ಕೆಲಸ. ಪೆಟ್ರೋಲಿನ ಫಿಲ್ಟರು ಕಟ್ಟಿಕೊಳ್ಳುವುದು ವಾರಗಳ ಕೆಲಸ. ಬೆಲ್ಟು ಹಲ್ಲು ಜಾರುವುದು ಒಂದು ಕ್ಷಣದ ಕೆಲಸ. ಗೌಡರು ನೆನಪು ಮಾಡಿಕೊಂಡು, ಮಳೆಗಾಲದಲ್ಲೊಂದು ದಿನ ಗದ್ದೆಯ ಬದಿಯ ಕೆಸರಿನಲ್ಲಿ ಚಕ್ರ ಹೂತು, ಎಂಜಿನನ್ನು ಜೋರು ಮಾಡಿ ಹಿಂದೆ ಮುಂದೆ ಜಗ್ಗಿ ಮೇಲೆತ್ತಿದ ಬಳಿಕ ಹೀಗಾಯಿತೆಂದು ಹೇಳುತ್ತಾರೆ. ಆಮೇಲೆ ಒಂದು ಕಡೆ ತೋರಿಸಿದಾಗ ಅಲ್ಲಿಯವರು ಏನನ್ನೋ ತಿರುಗಿಸಿದರು, ಸ್ವಲ್ಪ ವಾಸಿಯಾಯಿತು, ಪೂರ್ತಿ ವಾಸಿಯಾಗಲಿಲ್ಲ.

ಏನನ್ನು ತಿರುಗಿಸಿರಬಹುದು? ಮೇಸ್ತ್ರಿಯ ಕಣ್ಣು ಡಿಸ್ಟ್ರಿಬ್ಯೂಟರಿನ ಕಡೆಗೆ ಹೋಗುತ್ತದೆ. ಮೂರು ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ತನ್ನು ಹಂಚುವ ಸಲಕರಣೆ ಅದು. ಅದನ್ನು ಬಿಗಿದಿರುವ ಬೋಲ್ಟು ಉದ್ದನೆಯ ಸೀಳಿನಲ್ಲಿ ಕೂತಿರುವುದರಿಂದ, ಸಡಿಲಿಸಿ ತುಸು ಅತ್ತಿತ್ತ ತಿರುಗಿಸಿದರೆ ಕಿಡಿಯ ಹೊತ್ತು ಹಿಂದೆ ಮುಂದೆ ಆಗುತ್ತದೆ. ಸರಿಯಾಗಿರುವ ಎಂಜಿನಿನಲ್ಲಿ ಆ ಬೋಲ್ಟು ಸೀಳಿನ ನಡುವಿನ ಹತ್ತಿರ ಎಲ್ಲಿಯೋ ನಿಲ್ಲುವುದು ವಾಡಿಕೆ. ಈ ಕಾರಿನಲ್ಲಿ ಅದು ಸೀಳಿನ ಕೊನೆಗೆ ಒತ್ತಿಕೊಂಡು ನಿಂತಿದೆ. ಮೇಸ್ತ್ರಿಗೆ ಮೊದಲ ಸುಳಿವು ಅಲ್ಲಿ ಸಿಗುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಎಂಜಿನಿನಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಕ್ಯಾಮ್ ದಂಡವೇ. ಆದ್ದರಿಂದ ಬೆಲ್ಟು ಒಂದು ಹಲ್ಲು ಹಿಂದೆ ಬಿದ್ದರೆ ಕವಾಟಗಳಷ್ಟೇ ಅಲ್ಲ, ಕಿಡಿಯೂ ಅಷ್ಟೇ ತಡವಾಗುತ್ತದೆ. ಟೈಮಿಂಗ್ ದೀಪ ಹಿಡಿದು ನೋಡಿದವನಿಗೆ ಕಿಡಿ ತಡವಾಗಿರುವುದು ಕಾಣುತ್ತದೆ. ಅವನು ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಕಿಡಿಯನ್ನು ಸರಿಯಾದ ಜಾಗಕ್ಕೆ ತರುತ್ತಾನೆ. ದೀಪದ ಬೆಳಕಿನಲ್ಲಿ ಈಗ ಗುರುತುಗಳು ಕೂಡಿವೆ; ಕಾರೂ ತುಸು ಚುರುಕಾಗಿದೆ. ರೋಗ ವಾಸಿಯಾಯಿತೆಂದು ಅವನು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಕವಾಟಗಳು ಇನ್ನೂ ತಡವಾಗಿಯೇ ಮುಚ್ಚುತ್ತಿವೆ! ಜ್ವರಕ್ಕೆ ತಣ್ಣೀರು ಬಟ್ಟೆ ಹಾಕಿದಂತಾಯಿತು. ಅಷ್ಟೇ ಅಲ್ಲ, ರೋಗವನ್ನು ತೋರಿಸುತ್ತಿದ್ದ ಒಂದು ಲಕ್ಷಣವೂ ಅಳಿಸಿಹೋಯಿತು. ಮುಂದೆ ದೀಪ ಹಿಡಿದು ನೋಡುವವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅರೆಬರೆ ಚಿಕಿತ್ಸೆಯು ಚಿಕಿತ್ಸೆಯೇ ಇಲ್ಲದಿರುವುದಕ್ಕಿಂತ ಕಷ್ಟಕ್ಕೆ ಕಾರಣವಾಗುವುದು ಹೀಗೆ.

ಸುಳಿವು ಸಿಕ್ಕಿತೆಂದು ಮೇಸ್ತ್ರಿ ಒಡನೆಯೇ ಬೆಲ್ಟಿಗೆ ಕೈಹಾಕುವುದಿಲ್ಲ. ಅದು ಅರ್ಧ ದಿನದ ಕೆಲಸ, ಗೌಡರ ಹಣ. ಅದಕ್ಕೆ ಮುಂಚೆ ಹತ್ತು ನಿಮಿಷದ ಪರೀಕ್ಷೆಯೊಂದಿದೆ. ಮೂರು ಪ್ಲಗ್ಗುಗಳನ್ನೂ ಬಿಚ್ಚಿ, ಕಿಡಿಯ ತಂತಿಯನ್ನು ಕಳಚಿ, ಒಂದೊಂದೇ ಸಿಲಿಂಡರಿಗೆ ಒತ್ತಡದ ಮಾಪಕವನ್ನು ತಿರುಗಿಸಿ ಕೂರಿಸುತ್ತಾನೆ. ಗೌಡರು ಆಕ್ಸಿಲರೇಟರನ್ನು ಪೂರ್ತಿ ತುಳಿದು ಸ್ಟಾರ್ಟರನ್ನು ತಿರುಗಿಸುತ್ತಾರೆ. ಮೂರು ಸಿಲಿಂಡರುಗಳಲ್ಲೂ ಒತ್ತಡ ಕಡಿಮೆ ಬಂದಿದೆ. ಅದಕ್ಕಿಂತ ಮುಖ್ಯವಾಗಿ, ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕಡಿಮೆ ಬಂದಿದೆ.

ಈ ಸಮಾನತೆಯೇ ಮಾತನಾಡುತ್ತದೆ. ಒಂದು ಕವಾಟ ಸುಟ್ಟಿದ್ದರೆ ಆ ಸಿಲಿಂಡರಿನಲ್ಲಿ ಮಾತ್ರ ಒತ್ತಡ ಬೀಳುತ್ತಿತ್ತು. ನಡುವಿನ ಗ್ಯಾಸ್ಕೆಟ್ಟು ಹೋಗಿದ್ದರೆ ಅಕ್ಕಪಕ್ಕದ ಎರಡರಲ್ಲಿ ಬೀಳುತ್ತಿತ್ತು. ಮೂರಕ್ಕೂ ಒಟ್ಟಿಗೆ ಬಂದ ಬಡತನಕ್ಕೆ ಮೂರಕ್ಕೂ ಸೇರಿದ ಕಾರಣವೇ ಇರಬೇಕು. ಅಂಥ ಕಾರಣಗಳು ಮುಖ್ಯವಾಗಿ ಎರಡು: ಬಳೆಗಳೆಲ್ಲ ಸವೆದಿರುವುದು, ಅಥವಾ ಕವಾಟಗಳೆಲ್ಲ ಹೊತ್ತು ತಪ್ಪಿರುವುದು. ಇವೆರಡನ್ನು ಬೇರ್ಪಡಿಸಲು ಮೇಸ್ತ್ರಿ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲನ್ನು ಸಿಲಿಂಡರಿನೊಳಕ್ಕೆ ಬಿಟ್ಟು ಮತ್ತೆ ಅಳೆಯುತ್ತಾನೆ. ಬಳೆಗಳು ಸವೆದಿದ್ದರೆ ಆಯಿಲು ಆ ಸಂದನ್ನು ತುಂಬಿ ಒತ್ತಡವನ್ನು ಎದ್ದು ಕಾಣುವಂತೆ ಏರಿಸುತ್ತಿತ್ತು. ಇಲ್ಲಿ ಮುಳ್ಳು ಮೊದಲಿನ ಜಾಗದ ಸಮೀಪದಲ್ಲೇ ನಿಂತಿತು. ಈಗ ಬೆಲ್ಟಿನ ಮುಚ್ಚಳವನ್ನು ಬಿಚ್ಚಲು ಅಪ್ಪಣೆ ಕೇಳಬಹುದು.

ಎಂಜಿನಿನ ಪಕ್ಕದಲ್ಲಿ ಕೈ ಆಡಿಸಲು ಜಾಗ ಕಡಿಮೆ. ಬ್ಯಾಟರಿಯ ತಂತಿಯನ್ನು ಕಳಚಿ, ಕಾರನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿಯಾದ ಆಸರೆ ಕೊಟ್ಟು, ಹೊರಗಿನ ಫ್ಯಾನ್ ಬೆಲ್ಟು, ಕೆಳಗಿನ ಪುಲ್ಲಿ, ಕೊನೆಗೆ ಮುಚ್ಚಳ, ಹೀಗೆ ಒಂದೊಂದಾಗಿ ಬಿಚ್ಚಬೇಕು. ಮುಚ್ಚಳ ಹೊರಬಂದರೂ ಬೆಲ್ಟನ್ನು ಮುಟ್ಟಕೂಡದು. ಮೊದಲು ನೋಡಬೇಕು. ರೋಗದ ಸಾಕ್ಷ್ಯವೆಲ್ಲ ಬೆಲ್ಟು ಇದ್ದ ಸ್ಥಿತಿಯಲ್ಲಿಯೇ ಇದೆ. ಬಿಚ್ಚಿದೊಡನೆ ಅದು ಕರಗಿಹೋಗುತ್ತದೆ. ಎಷ್ಟೋ ಮಂದಿ ಅವಸರದವರು ಇಲ್ಲಿಯೇ ಎಡವುತ್ತಾರೆ.

ನೋಡಬೇಕಾದುದು ಗುರುತುಗಳನ್ನು. ಎಂಜಿನನ್ನು ಮಾಡಿದವರು ಕೆಳಗಿನ ಹಲ್ಲುಚಕ್ರದ ಮೇಲೆ ಒಂದು ಚುಕ್ಕಿಯನ್ನು ಒತ್ತಿರುತ್ತಾರೆ. ಅದಕ್ಕೆ ಎದುರಾಗಿ ಅಲುಗಾಡದ ಆಯಿಲ್ ಪಂಪಿನ ಮೈಮೇಲೆ ಬಾಣದ ಗುರುತಿರುತ್ತದೆ. ಮೇಲಿನ ಚಕ್ರದ ಮೇಲೊಂದು ಗುರುತು. ಅದಕ್ಕೆ ಎದುರಾಗಿ ಅಲುಗಾಡದ ಭಾಗದಲ್ಲೊಂದು ಕಚ್ಚು. ಕೆಳಗಿನ ಜೋಡಿ ಕೂಡಿದಾಗ ಮೇಲಿನ ಜೋಡಿಯೂ ಕೂಡಿದ್ದರೆ ತಾಳ ಸರಿಯಾಗಿದೆಯೆಂದು ಅರ್ಥ. ಕೆಳಗಿನ ದಂಡ ಎರಡು ಸುತ್ತಿಗೆ ಮೇಲಿನದು ಒಂದೇ ಸುತ್ತು ತಿರುಗುವುದರಿಂದ, ಕೆಳಗಿನ ಗುರುತು ಕೂಡಿದ ಪ್ರತಿಸಲವೂ ಮೇಲಿನದು ಕೂಡುವುದಿಲ್ಲ. ಒಮ್ಮೆ ಕೂಡುತ್ತದೆ, ಮರುಸಲ ನೇರ ಎದುರು ದಿಕ್ಕಿನಲ್ಲಿರುತ್ತದೆ. ಇದನ್ನರಿಯದವರು ಗಾಬರಿಯಾಗಿ ಸರಿಯಿದ್ದುದನ್ನೇ ಕೆಡಿಸುವುದುಂಟು. ಇನ್ನೊಂದು ಸುತ್ತು ತಿರುಗಿಸಿ ನೋಡಿದರೆ ಸಂಶಯ ತೀರುತ್ತದೆ.

ಗುರುತು ಹಾಕುವ ಈ ಪದ್ಧತಿ ಈ ಸೀಮೆಗೆ ಹೊಸದೇನಲ್ಲ. ಸೊರಬದ ಗುಡಿಗಾರರು ಶ್ರೀಗಂಧದ ತುಂಡಿಗೆ ಉಳಿ ಇಡುವ ಮೊದಲು ಗೆರೆ ಎಳೆದುಕೊಳ್ಳುತ್ತಾರೆ. ಶಿರಾಳಕೊಪ್ಪದ ನೆರೆಯ ಬಳ್ಳಿಗಾವಿಯಿಂದ ಹೋದ ದಾಸೋಜ ಮತ್ತು ಅವನ ಮಗ ಚಾವಣರು ಬೇಲೂರಿನಲ್ಲಿ ತಾವು ಕಡೆದ ವಿಗ್ರಹಗಳಡಿ ತಮ್ಮ ಹೆಸರನ್ನು ಕೊರೆದಿಟ್ಟರು. ಹೆಸರು ಯಾರು ಮಾಡಿದರೆಂಬುದನ್ನು ತಿಳಿಸುತ್ತದೆ; ಗೆರೆ ಹೇಗೆ ಮಾಡಬೇಕೆಂಬುದನ್ನು ತಿಳಿಸುತ್ತದೆ. ಎಂಜಿನಿನ ಮೇಲಿನ ಚುಕ್ಕಿ ಈ ಎರಡನೆಯ ಬಗೆಯದು. ಎಂದೋ, ಎಲ್ಲಿಯೋ ಕುಳಿತು ಎಂಜಿನನ್ನು ರೂಪಿಸಿದವನು, ಮುಂದೆ ಎಂದಾದರೂ ಅದನ್ನು ಬಿಚ್ಚುವ ಅಪರಿಚಿತನಿಗಾಗಿ ಬಿಟ್ಟುಹೋದ ಮಾತು ಅದು.

ಮೇಸ್ತ್ರಿ ಕೆಳಗಿನ ದಂಡದ ಬೋಲ್ಟಿಗೆ ಪಾನ ಹಾಕಿ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಕೈಯಿಂದ ನಿಧಾನವಾಗಿ ತಿರುಗಿಸುತ್ತಾನೆ. ಪ್ಲಗ್ಗುಗಳು ಹೊರಗಿರುವುದರಿಂದ ಎಂಜಿನು ಸುಲಭವಾಗಿ ತಿರುಗುತ್ತದೆ. ಕೆಳಗಿನ ಚುಕ್ಕಿ ಬಾಣಕ್ಕೆ ಬಂದು ನಿಲ್ಲುತ್ತದೆ. ಮೇಲಿನ ಗುರುತು ಕಚ್ಚಿಗಿಂತ ಒಂದು ಹಲ್ಲು ಹಿಂದೆ ಉಳಿದಿದೆ. ಓರೆಯಾಗಿ ನೋಡಿದರೆ ಸರಿಯಿದ್ದುದೂ ಅರ್ಧ ಹಲ್ಲು ತಪ್ಪಿದಂತೆ ಕಾಣುವುದರಿಂದ, ಅವನು ಒಂದು ಸಣ್ಣ ಕನ್ನಡಿ ಹಿಡಿದು ನೇರವಾಗಿ ನೋಡಿ ಖಚಿತಮಾಡಿಕೊಳ್ಳುತ್ತಾನೆ. ಬಳಿಕ ಗೌಡರನ್ನು ಕರೆದು ಅದೇ ಕನ್ನಡಿಯಲ್ಲಿ ತೋರಿಸುತ್ತಾನೆ.

“ಇಷ್ಟಕ್ಕೇನಾ?” ಎಂದು ಗೌಡರು ನಂಬಲಾರದೆ ಕೇಳುತ್ತಾರೆ. ಕಿರುಬೆರಳಿನ ಉಗುರಿನಷ್ಟೂ ಇಲ್ಲದ ಅಂತರ ಅದು.

“ಇಷ್ಟಕ್ಕೇ ಗೌಡ್ರೇ. ಆದರೆ ಕೆಲಸ ಇಲ್ಲಿಗೆ ಮುಗಿಯೋದಿಲ್ಲ. ಇದು ಯಾಕೆ ಜಾರಿತು ಅನ್ನೋದು ಗೊತ್ತಾಗಬೇಕು.”

ಬೆಲ್ಟನ್ನು ಗುರುತಿಗೆ ಕೂರಿಸಿ ಮುಚ್ಚಳ ಹಾಕಿ ಕಳುಹಿಸಿದ್ದರೆ ಕಾರು ಅಂದು ಚೆನ್ನಾಗಿ ಓಡುತ್ತಿತ್ತು. ಗೌಡರಿಗೂ ಸಂತೋಷವಾಗುತ್ತಿತ್ತು. ಆದರೆ ಆರೋಗ್ಯವಾಗಿರುವ ಬೆಲ್ಟು ತಾನಾಗಿಯೇ ಹಲ್ಲು ಬಿಡುವುದಿಲ್ಲ. ಅದು ಬಿಗಿಯಾಗಿದ್ದು, ಒಣಗಿದ್ದು, ಹಲ್ಲುಗಳೆಲ್ಲ ಪೂರ್ತಿಯಾಗಿದ್ದರೆ, ಹಿಂದೆ ಹಾಕಿದವರೇ ತಪ್ಪಿ ಕೂರಿಸಿದ್ದಾರೆಂದು ತಿಳಿಯಬೇಕು. ಸಡಿಲವಾಗಿದ್ದರೆ, ಎಣ್ಣೆ ಕುಡಿದಿದ್ದರೆ, ಹಲ್ಲಿನ ಬುಡದಲ್ಲಿ ಬಿರುಕಿದ್ದರೆ, ಅದು ಓಡುತ್ತಲೇ ಜಾರಿದೆ. ಕೆಳಗಿನ ಹಲ್ಲುಚಕ್ರವನ್ನು ದಂಡಕ್ಕೆ ಹಿಡಿದಿಡುವ ಸಣ್ಣ ಕೀಲಿ ಸವೆದಿದ್ದರೂ ಗುರುತು ತಪ್ಪುತ್ತದೆ; ಆಗ ಬೆಲ್ಟಿನ ತಪ್ಪೇನೂ ಇರುವುದಿಲ್ಲ. ಈ ಕಾರಿನಲ್ಲಿ ಬೆಲ್ಟಿನ ಒಂದು ಅಂಚು ಎಣ್ಣೆಯಿಂದ ಮಿಂಚುತ್ತಿತ್ತು. ಕ್ಯಾಮ್ ದಂಡದ ತುದಿಯ ಆಯಿಲ್ ಸೀಲು ಗಟ್ಟಿಯಾಗಿ ಸೋರುತ್ತಿತ್ತು. ಬೆಲ್ಟನ್ನು ಬಿಗಿಯಾಗಿ ಒತ್ತಿಹಿಡಿಯುವ ಟೆನ್ಷನರಿನ ಗಾಲಿಯನ್ನು ಬೆರಳಿನಿಂದ ತಿರುಗಿಸಿದರೆ ಗರಗರ ಸದ್ದು, ಅಲುಗಾಟ. ಮುಚ್ಚಳದ ಕೆಳ ಅಂಚು ಎಂದೋ ಮುರಿದುಹೋಗಿ, ಗದ್ದೆಯ ಕೆಸರು ಒಣಗಿ ಒಳಗೆ ಹೆಪ್ಪುಗಟ್ಟಿತ್ತು. ರಬ್ಬರಿಗೆ ಎಣ್ಣೆ ಹಿತವಲ್ಲ, ಹಲ್ಲಿಗೆ ಮಣ್ಣು ಹಿತವಲ್ಲ. ಹೀಗೆ ಮೆತ್ತಗಾಗಿ ಸಡಿಲವಾಗಿದ್ದ ಬೆಲ್ಟು, ಕೆಸರಿನಲ್ಲಿ ಕಾರನ್ನು ಜಗ್ಗಿದ ಆ ದಿನ ಒಂದು ಹಲ್ಲು ಬಿಟ್ಟುಕೊಟ್ಟಿತು.

ಹೊಸ ಬೆಲ್ಟು, ಹೊಸ ಟೆನ್ಷನರು, ಹೊಸ ಸೀಲುಗಳು ಶಿಕಾರಿಪುರದ ಅಂಗಡಿಯಿಂದ ಬಂದವು. ಕೆಸರನ್ನು ತೊಳೆದು ಒರೆಸಿದ್ದಾಯಿತು. ಹೊಸ ಬೆಲ್ಟನ್ನು ಮಡಿಸಬಾರದು, ತಿರುಚಬಾರದು. ಒಳಗಿನ ಗಾಜಿನ ನೂಲುಗಳು ಮುರಿದರೆ ಹೊರಗೆ ಕಾಣುವುದಿಲ್ಲ. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಲೂಬಾರದು. ಕೆಲಸ ಕಲಿಯುತ್ತಿರುವ ಹುಡುಗನ ಕೈಗೆ ಮೇಸ್ತ್ರಿ ಬೆಲ್ಟನ್ನು ಕೊಡುತ್ತಾನೆ. ಹುಡುಗ ಎರಡು ಜೋಡಿ ಗುರುತುಗಳನ್ನೂ ಕೂಡಿಸಿ, ಬೆಲ್ಟನ್ನು ಏರಿಸಿ, ಟೆನ್ಷನರನ್ನು ಬಿಡುತ್ತಾನೆ. ಗುರುತುಗಳು ಒಪ್ಪವಾಗಿ ಕೂತಿವೆ. ಅವನ ಮುಖ ಅರಳುತ್ತದೆ.

“ಎರಡು ಸುತ್ತು ತಿರುಗಿಸು” ಎಂದು ಮೇಸ್ತ್ರಿ.

ಹುಡುಗ ಪಾನ ಹಿಡಿದು ಎರಡು ಸುತ್ತು ತಿರುಗಿಸಿ ಕೆಳಗಿನ ಚುಕ್ಕಿಯನ್ನು ಬಾಣಕ್ಕೆ ತರುತ್ತಾನೆ. ಮೇಲಿನ ಗುರುತು ಒಂದು ಹಲ್ಲು ಹಿಂದೆ!

“ಅಣ್ಣಾ, ಈಗಷ್ಟೇ ಸರಿಯಾಗಿ ಕೂತಿತ್ತಲ್ಲ?”

“ಕೂತ ಹಾಗೆ ಕಂಡಿತ್ತು. ಸಡಿಲ ಎಲ್ಲಿ ಬಿಟ್ಟೆ ನೋಡು.”

ಬೆಲ್ಟಿಗೆ ಎರಡು ಮಗ್ಗುಲು. ಕೆಳಗಿನ ಚಕ್ರವು ಮೇಲಿನದನ್ನು ಎಳೆಯುವ ಮಗ್ಗುಲು ಒಂದು; ಟೆನ್ಷನರು ಒತ್ತುವ ಮಗ್ಗುಲು ಇನ್ನೊಂದು. ಸಡಿಲವೆಲ್ಲ ಟೆನ್ಷನರಿನ ಮಗ್ಗುಲಿಗೇ ಬರಬೇಕು, ಎಳೆಯುವ ಮಗ್ಗುಲು ಮೊದಲೇ ಬಿಗಿಯಾಗಿರಬೇಕು. ಹುಡುಗ ಎಳೆಯುವ ಮಗ್ಗುಲಿನಲ್ಲಿ ಒಂದು ಹಲ್ಲಿನಷ್ಟು ಸಡಿಲವನ್ನು ಉಳಿಸಿಬಿಟ್ಟಿದ್ದ. ಎಂಜಿನು ತಿರುಗತೊಡಗಿದೊಡನೆ ಕೆಳಗಿನ ಚಕ್ರವು ಮೊದಲು ಆ ಸಡಿಲವನ್ನು ಎಳೆದುಕೊಂಡಿತು, ಆಮೇಲೆ ಮೇಲಿನ ಚಕ್ರ ಕದಲಿತು. ನಿಂತಾಗ ಸರಿಯಿದ್ದುದು ನಡೆದಾಗ ತಪ್ಪಿತು. ಕೈಯಿಂದ ತಿರುಗಿಸಿ ನೋಡುವ ಆ ಎರಡು ಸುತ್ತುಗಳ ಬೆಲೆ ಇಲ್ಲಿದೆ. ಪರೀಕ್ಷಿಸದೆ ಸ್ಟಾರ್ಟರನ್ನು ತಿರುಗಿಸಿದ್ದರೆ, ಕವಾಟ ಬಡಿಯುವ ಜಾತಿಯ ಎಂಜಿನಿನಲ್ಲಿ ಆಗಬಹುದಾದ ನಷ್ಟ ಹೇಳತೀರದು. ಕೈಯಿಂದ ತಿರುಗಿಸುವಾಗ ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಬಹುದು. ಸ್ಟಾರ್ಟರಿಗೆ ಆ ವಿವೇಕವಿಲ್ಲ.

ಹುಡುಗ ಬೆಲ್ಟನ್ನು ಇಳಿಸಿ ಮತ್ತೆ ಹಾಕುತ್ತಾನೆ. ಈ ಸಲ ಕೆಳಗಿನ ಚಕ್ರದಿಂದ ಆರಂಭಿಸಿ, ಎಳೆಯುವ ಮಗ್ಗುಲನ್ನು ಹೆಬ್ಬೆರಳಿನಿಂದ ಬಿಗಿಹಿಡಿದು ಮೇಲಿನ ಚಕ್ರಕ್ಕೆ ಕೂರಿಸಿ, ಉಳಿದ ಸಡಿಲವನ್ನು ಟೆನ್ಷನರಿಗೆ ಒಪ್ಪಿಸುತ್ತಾನೆ. ಎರಡು ಸುತ್ತು ತಿರುಗಿಸಿದಾಗ ಗುರುತುಗಳು ಕೂಡುತ್ತವೆ. ಟೆನ್ಷನರಿನ ಬೋಲ್ಟುಗಳನ್ನು ಬಿಗಿದು, ಇನ್ನೂ ಎರಡು ಸುತ್ತು ತಿರುಗಿಸಿ ನೋಡಿದರೆ ಮತ್ತೆ ಕೂಡುತ್ತವೆ. ಮೇಸ್ತ್ರಿ ಕನ್ನಡಿ ಹಿಡಿದು ತಾನೂ ನೋಡಿ ತಲೆದೂಗುತ್ತಾನೆ.

ಇನ್ನು ಮುಚ್ಚಳ ಹಾಕಿ ಚಾಲೂ ಮಾಡಬಹುದೆಂದು ಹುಡುಗ ಎಣಿಸಿದ್ದ. ಹಾಗೆ ಮಾಡಿದ್ದರೆ ಕಾರು ಚಾಲೂ ಆಗಿ, ಏರಿನಲ್ಲಿ ಕಟಕಟನೆ ಬಡಿದುಕೊಳ್ಳುತ್ತಿತ್ತು. ಏಕೆಂದರೆ ಡಿಸ್ಟ್ರಿಬ್ಯೂಟರು ಇನ್ನೂ ಸೀಳಿನ ಕೊನೆಯಲ್ಲಿಯೇ ಇದೆ. ತಡವಾದ ಕಿಡಿಯನ್ನು ಮುಂದಕ್ಕೆ ತರಲು ಅದನ್ನು ಅಲ್ಲಿಗೆ ಒಯ್ದಿದ್ದರು. ಈಗ ಬೆಲ್ಟು ತನ್ನ ಜಾಗಕ್ಕೆ ಬಂದುದರಿಂದ ಕಿಡಿಯು ಬೇಕಾದುದಕ್ಕಿಂತ ಬಹಳ ಬೇಗ ಹಾರುತ್ತದೆ. ಒಂದು ತಪ್ಪಿಗೆ ಊರುಗೋಲಾಗಿ ನಿಲ್ಲಿಸಿದ ಇನ್ನೊಂದು ತಪ್ಪು, ಮೊದಲನೆಯದು ತೊಲಗಿದ ಮೇಲೆ ತಾನೇ ರೋಗವಾಗುತ್ತದೆ. ಮೇಸ್ತ್ರಿ ಡಿಸ್ಟ್ರಿಬ್ಯೂಟರನ್ನು ಸೀಳಿನ ನಡುವಿಗೆ ತಂದು, ಎಂಜಿನನ್ನು ಚಾಲೂ ಮಾಡಿ, ಬಿಸಿಯಾಗಲು ಬಿಟ್ಟು, ಟೈಮಿಂಗ್ ದೀಪದ ಬೆಳಕಿನಲ್ಲಿ ಕೈಪಿಡಿ ಹೇಳುವ ಡಿಗ್ರಿಗೆ ಹೊಂದಿಸಿ ಬಿಗಿಯುತ್ತಾನೆ. ಹಿಂದೆ ಯಾರೋ ದುರ್ಬಲ ಎಂಜಿನಿಗೆ ಹೊಂದಿಕೊಳ್ಳಲೆಂದು ತಿರುವಿಟ್ಟಿದ್ದ ಕಾರ್ಬುರೇಟರಿನ ತಿರುಪುಗಳನ್ನೂ ಸರಿಪಡಿಸಬೇಕಾಯಿತು. ಗೌಡರು ತೆಗೆಸಿಹಾಕಿದ್ದ ಹಳೆಯ ಕಾರ್ಬುರೇಟರಿನಲ್ಲಿ ದೋಷವೇ ಇರಲಿಲ್ಲವೆಂಬ ಮಾತನ್ನು ಯಾರೂ ಎತ್ತಲಿಲ್ಲ. ಗೌಡರಿಗೆ ಅದು ಆಗಲೇ ತಿಳಿದಿತ್ತು.

ಮತ್ತೊಮ್ಮೆ ಮಾಪಕ ಹಾಕಿದಾಗ ಮೂರು ಸಿಲಿಂಡರುಗಳಲ್ಲೂ ಒತ್ತಡ ಏರಿ ಸಮನಾಗಿ ನಿಂತಿತ್ತು. ಸಂಜೆಯ ಹೊತ್ತಿಗೆ ಗೌಡರೂ ಮೇಸ್ತ್ರಿಯೂ ಹುಡುಗನೂ, ಪಕ್ಕದ ಅಂಗಡಿಯ ಒಬ್ಬನೂ ಕುಳಿತು ಸೊರಬದ ದಾರಿಯಲ್ಲಿ ಒಂದು ಏರನ್ನು ಹತ್ತಿ ಬಂದರು. ಗೌಡರು ಗೇರನ್ನು ಇಳಿಸಲು ಅಭ್ಯಾಸಬಲದಿಂದ ಕೈ ಮುಂದೆ ಮಾಡಿದರು, ಇಳಿಸಬೇಕಾಗಲಿಲ್ಲ.

ಗ್ಯಾರೇಜಿಗೆ ಮರಳಿದ ಮೇಲೆ ಮೇಸ್ತ್ರಿ ಹುಡುಗನಿಂದ ಬಿಳಿ ಬಣ್ಣದ ಡಬ್ಬಿಯನ್ನು ತರಿಸಿದ. ಹೊಸ ಬೆಲ್ಟು ಹಾಕಿದ ದಿನಾಂಕವನ್ನೂ ಕಾರು ಅಂದಿನವರೆಗೆ ಓಡಿದ ಕಿಲೋಮೀಟರನ್ನೂ ಮುಚ್ಚಳದ ಮೇಲೆ ಬರೆಸಿದ. ಕೈಪಿಡಿಯಲ್ಲಿ ಹೇಳಿದಷ್ಟು ಕಿಲೋಮೀಟರು ಓಡದಿದ್ದರೂ ವರ್ಷಗಳು ಕಳೆದರೆ ರಬ್ಬರು ಮುದಿಯಾಗುತ್ತದೆಂದು ಗೌಡರಿಗೆ ತಿಳಿಸಿದ. ಮುಚ್ಚಳದ ಮುರಿದ ಅಂಚಿಗೆ ತಗಡಿನ ತೇಪೆ ಹಾಕಿದ್ದ. ಬೇರೆ ಮುಚ್ಚಳ ಸಿಕ್ಕರೆ ಹಾಕಿಸಿಕೊಳ್ಳಲು ಹೇಳಿದ.

“ಈ ಮಳೆಗಾಲದಲ್ಲಿ ಕೆಸರಿಗೆ ಇಳಿಸಬೇಡಿ ಗೌಡ್ರೇ.”

“ಅಮ್ಮನಿಗೆ ನಡೆಯೋಕೆ ಆಗೋದಿಲ್ಲ ಮೇಸ್ತ್ರಿ. ಮನೆ ಬಾಗಿಲ ತನಕ ಕಾರು ಹೋಗಲೇಬೇಕು.”

ಮೇಸ್ತ್ರಿ ಒಂದು ಗಳಿಗೆ ಸುಮ್ಮನಿದ್ದು, ಹಾಗಾದರೆ ತಿಂಗಳಿಗೊಮ್ಮೆ ಬಂದು ಮುಚ್ಚಳ ಬಿಚ್ಚಿಸಿ ತೊಳೆಸಿಕೊಂಡು ಹೋಗಬೇಕೆಂದೂ, ಅದಕ್ಕೆ ಕೂಲಿ ಬೇಡವೆಂದೂ ಹೇಳಿ, ಮು೦ದಿನ ಗಾಡಿಯ ಕಡೆಗೆ ತಿರುಗಿದ.